ಒಂದು ಕ್ಲಬ್ಬಿನ ವರುಷ, ಒಂದು ರಕ್ತನಿಧಿಯ ಬಾಳು

ನಮ್ಮ ಪಂಚಾಂಗದ ವರುಷ ಯುಗಾದಿಗೆ ಮೊದಲಾಗುವುದು; ಸರ್ಕಾರದ ಲೆಕ್ಕಪತ್ರದ ವರುಷ ಏಪ್ರಿಲ್ ತಿಂಗಳಿಗೆ; ರೋಟರಿ ಕ್ಲಬ್ಬುಗಳ ವರುಷವಾದರೋ ಜುಲೈ 1ರಂದು ಹುಟ್ಟಿ ಮರುವರುಷದ ಜೂನ್ 30ರಂದು ಮುಗಿಯುವುದು. ಆ ಹೊತ್ತಿಗೆ ಬೆಂಗಳೂರು ದಂಡಿನ ಪ್ರದೇಶದಲ್ಲಿಯೂ ಇಂದಿರಾನಗರ, ಕೃಷ್ಣರಾಜಪುರಗಳ ಕಡೆಯೂ ಪದಗ್ರಹಣ ಸಮಾರಂಭಗಳು ಒಂದರ ಹಿಂದೊಂದು ನಡೆಯುತ್ತವೆ. ನಿರ್ಗಮಿಸುವ ಅಧ್ಯಕ್ಷರು ತಮ್ಮ ಕೊರಳಿನ ಕಾಲರನ್ನು ತೆಗೆದು ಹೊಸಬರಿಗೆ ತೊಡಿಸುತ್ತಾರೆ. ಮೇಜಿನ ಮೇಲಣ ಗಂಟೆಯನ್ನು ಬಾರಿಸಿ ಸಭೆಯನ್ನು ತೊಡಗಿಸುವ ಹಕ್ಕು ಅಲ್ಲಿಂದಾಚೆಗೆ ಅವರದು. ನಿನ್ನೆಯವರೆಗೆ ಕ್ಲಬ್ಬನ್ನು ನಡೆಸಿದವರು ಇಂದು ಸಾಮಾನ್ಯ ಸದಸ್ಯರ ಸಾಲಿಗೆ ಹೋಗಿ ಕುಳಿತುಕೊಳ್ಳುತ್ತಾರೆ. ಎಂಥ ದಕ್ಷರಿಗೂ ಒಂದೇ ವರುಷ ಎಂಬ ಈ ಕಟ್ಟಳೆಯಲ್ಲಿ ದೊಡ್ಡ ವಿವೇಕವುಂಟು, ಏಕೆಂದರೆ ಸೇವಾಸಂಸ್ಥೆಯು ಯಾವನೊಬ್ಬ ಗಣ್ಯನ ಸ್ವಂತ ಸೊತ್ತಾಗದಂತೆ ಅದು ಕಾಯುತ್ತದೆ. ಅದರಲ್ಲಿಯೇ ಒಂದು ಅಪಾಯವೂ ಉಂಟು, ಏಕೆಂದರೆ ಹನ್ನೆರಡು ತಿಂಗಳೊಳಗೆ ತಮ್ಮ ಹೆಸರು ನಿಲ್ಲುವಂಥದೇನನ್ನಾದರೂ ಮಾಡಬೇಕೆಂಬ ಆತುರದಲ್ಲಿ, ಹಿಂದಿನವರು ನೆಟ್ಟ ಗಿಡಕ್ಕೆ ನೀರೆರೆಯುವವರೇ ಇಲ್ಲದಂತಾಗುವುದು ಅಪರೂಪವಲ್ಲ.

ಈ ಅಪಾಯವನ್ನು ಗೆದ್ದು ನಿಂತ ಕಾರ್ಯವೊಂದು ನಗರದ ಪೂರ್ವಭಾಗದಲ್ಲಿ, ಎಚ್.ಎ.ಎಲ್. ಮೂರನೆಯ ಹಂತದ ನ್ಯೂ ತಿಪ್ಪಸಂದ್ರ ಮುಖ್ಯರಸ್ತೆಯಲ್ಲಿ ಇದೆ. ರೋಟರಿ ಬೆಂಗಳೂರು ಟಿ.ಟಿ.ಕೆ. ರಕ್ತನಿಧಿ ಎಂದು ಜನ ಅದನ್ನು ಬಲ್ಲರು.

ಈ ಭಾಗದವರಿಗೆ ದಾನಧರ್ಮ ಹೊಸತಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ಬಂದು ನೆಲೆಸಿದ ತರುವಾಯ, ಅದರ ಬೆನ್ನಿಗೇ ಬಂದ ವರ್ತಕರಲ್ಲಿಯೂ ಗುತ್ತಿಗೆದಾರರಲ್ಲಿಯೂ, ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೇ ಒಪ್ಪಿಸಿದ ಮಹನೀಯರು ಹಲವರಿದ್ದರು. ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರೆಂದು ಪ್ರಸಿದ್ಧರಾದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ತೆರೆದ ಶಾಲೆಯಿಂದ ಬೆಳೆದ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆಗಳು ಹಲಸೂರು ಕೆರೆಯ ಸಮೀಪದಲ್ಲಿ ಇಂದಿಗೂ ಮಕ್ಕಳಿಗೆ ಅಕ್ಷರ ಕಲಿಸುತ್ತಿವೆ; ಪರದೆಯ ಸ್ತ್ರೀಯರು ಸಂಕೋಚವಿಲ್ಲದೆ ಚಿಕಿತ್ಸೆ ಪಡೆಯಲೆಂದು ಹುಟ್ಟಿದ ಶಿವಾಜಿನಗರದ ಗೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರನ್ನು ಹೊತ್ತಿದೆ. ಇವು ಒಬ್ಬೊಬ್ಬ ಶ್ರೀಮಂತನ ಹೃದಯವೈಶಾಲ್ಯದಿಂದ ಆದವು. ರಕ್ತದ ವಿಷಯ ಹಾಗಲ್ಲ. ಕೋಟ್ಯಧೀಶನಾದರೂ ಒಂದು ಸಲಕ್ಕೆ ಕೊಡಬಹುದಾದದ್ದು 350 ಮಿಲಿಲೀಟರು, ಹೆಚ್ಚೆಂದರೆ 450. ರಸೆಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು ಕೊಡುವುದೂ ಅಷ್ಟೆ. ಕೊಟ್ಟದ್ದನ್ನು ಕೂಡಿಡುವಂತೆಯೂ ಇಲ್ಲ: ಕೆಂಪುಕಣಗಳು 35ರಿಂದ 42 ದಿನ, ಪ್ಲೇಟ್‌ಲೆಟ್ಟುಗಳು ಐದೇ ದಿನ. ಆದುದರಿಂದ ಯಾವ ಮಹಾದಾನಿಯೂ ಒಮ್ಮೆ ಕೊಟ್ಟು ಋಣಮುಕ್ತನಾಗಲಾರದ ದಾನವಿದು. ಅನೇಕರು, ಪದೇ ಪದೇ, ಸರದಿಯ ಮೇಲೆ ಕೊಡಬೇಕಾದದ್ದು. ಅದಕ್ಕೆ ತಕ್ಕ ಉಪಕರಣ ಒಬ್ಬ ವ್ಯಕ್ತಿಯಲ್ಲ, ಒಂದು ಸಂಘ.

ಅಂಥ ಸಂಘದ ಮಾದರಿ ಹೊರಗಿನಿಂದ ಬಂದಿತು. 1905ರ ಫೆಬ್ರವರಿ 23ರಂದು ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಆರಂಭಿಸಿದ ಕೂಟ, ಮೊದಲು ವೃತ್ತಿಬಾಂಧವರ ಸ್ನೇಹಕ್ಕೂ ವ್ಯವಹಾರಕ್ಕೂ ಮಾತ್ರ ಮೀಸಲಾಗಿದ್ದು, ಕ್ರಮೇಣ ಸೇವೆಯನ್ನು ತನ್ನ ಧರ್ಮವೆಂದು ಅಂಗೀಕರಿಸಿ, 1920ರ ಹೊತ್ತಿಗೆ ಕಲ್ಕತ್ತೆಯನ್ನೂ 1934ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಮಾನವಸೇವೆಯ ಹೆಸರಿನಲ್ಲಿ ಕೂಡಿದ ಈ ಸಂಸ್ಥೆ 1980ರ ದಶಕದ ಕೊನೆಯವರೆಗೆ ಸ್ತ್ರೀಯರಿಗೆ ಸದಸ್ಯತ್ವವನ್ನೇ ಕೊಡದಿದ್ದುದು ಅದರ ಚರಿತ್ರೆಯ ಒಂದು ದೊಡ್ಡ ಕೊರತೆಯೆಂದು ಹೇಳದೆ ವಿಧಿಯಿಲ್ಲ.

1984ರಲ್ಲಿ ಬೆಂಗಳೂರು ರೋಟರಿಯೂ, ಪ್ರೆಷರ್ ಕುಕ್ಕರಿನಿಂದ ಮನೆಮನೆಗೆ ಪರಿಚಿತವಾದ ಟಿ.ಟಿ.ಕೆ. ಸಮೂಹವೂ ಕೂಡಿ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಎಂಬುದನ್ನು ಕಟ್ಟಿ ರಕ್ತನಿಧಿಯ ಕೆಲಸಕ್ಕೆ ಕೈಹಾಕಿದವು. ಆ ದಿನಗಳಲ್ಲಿ ದೇಶದ ದೊಡ್ಡ ಊರುಗಳಲ್ಲಿ ರಕ್ತವೂ ಒಂದು ಮಾರಾಟದ ಸರಕಾಗಿತ್ತು. ಆಸ್ಪತ್ರೆಗಳ ಸುತ್ತಮುತ್ತ ಬಡವರೂ ವ್ಯಸನಿಗಳೂ ಹೊಟ್ಟೆಯ ಪಾಡಿಗಾಗಿ ಮತ್ತೆ ಮತ್ತೆ ರಕ್ತ ಮಾರುತ್ತಿದ್ದರು. ಕೊಟ್ಟವನು ಕೃಶನಾಗುತ್ತಿದ್ದ, ಪಡೆದವನಿಗೆ ಕಾಮಾಲೆಯೋ ಇನ್ನಾವುದೋ ರೋಗ ಅಂಟುತ್ತಿತ್ತು. ಏಡ್ಸ್ ಕಾಣಿಸಿಕೊಂಡ ಮೇಲೆ ಭೀತಿ ಇಮ್ಮಡಿಯಾಯಿತು. ಕಟ್ಟಕಡೆಗೆ ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ 1996ರ ಜನವರಿ 4ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನಿಂದ, 1998ರ ಜನವರಿ 1ರ ಬಳಿಕ ರಕ್ತವಿಕ್ರಯ ದೇಶದಲ್ಲಿ ನಿಷಿದ್ಧವಾಯಿತು. ಕಾನೂನು ಮಾರುವವನನ್ನು ತಡೆಯಬಲ್ಲದು. ಕೊಡುವವನನ್ನು ಅದು ಹುಟ್ಟಿಸಲಾರದು. ಆ ಕೆಲಸ ಕ್ಲಬ್ಬುಗಳ, ಕಾಲೇಜುಗಳ, ಕಾರ್ಖಾನೆಗಳ, ಗುಡಿ ಚರ್ಚು ಮಸೀದಿಗಳ ಅಂಗಳಗಳ ಪಾಲಿಗೆ ಬಂದಿತು.

ರಕ್ತದಾನ ಶಿಬಿರವೆಂದರೇನೆಂದು ಹತ್ತಿರದಿಂದ ನೋಡಬೇಕು. ಮೊದಲ ಮೇಜಿನಲ್ಲಿ ಹೆಸರು, ವಯಸ್ಸು, ತೂಕ, ಕಾಯಿಲೆಗಳ ವಿಚಾರಣೆ. ಎರಡನೆಯದರಲ್ಲಿ ಬೆರಳ ತುದಿಯನ್ನು ಚುಚ್ಚಿ ತೆಗೆದ ಒಂದು ಹನಿಯನ್ನು ಮೈಲುತುತ್ತದ ನೀಲಿ ದ್ರಾವಣದೊಳಕ್ಕೆ ಬಿಡುತ್ತಾರೆ. ಹನಿ ತಡವಿಲ್ಲದೆ ತಳಕ್ಕಿಳಿದರೆ ಹಿಮೋಗ್ಲೋಬಿನ್ ಹನ್ನೆರಡೂವರೆಗೆ ಕಡಿಮೆಯಿಲ್ಲ, ತೇಲಿತೋ, ದಾನಿಯನ್ನು ವಂದಿಸಿ ಹಿಂದಕ್ಕೆ ಕಳಿಸಬೇಕು. ಹಾಗೆ ಹಿಂದಿರುಗುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂಬುದು ನಮ್ಮ ಮನೆಗಳ ಊಟದ ಪಂಕ್ತಿಯ ಬಗೆಗೆ ಹೇಳುವ ಮಾತು ಕಹಿಯಾದರೂ ನಿಜ. ಆಮೇಲೆ ಮಂಚ, ಅಂಗೈಯಲ್ಲಿ ಹಿಚುಕಲು ಒಂದು ಮೆತ್ತನೆಯ ಚೆಂಡು, ಕೆಳಗೆ ತೂಗಾಡುವ ಚೀಲ. ಹತ್ತು ನಿಮಿಷದೊಳಗೆ ಅದು ತುಂಬುತ್ತದೆ. ಹೊರಗೆ ಬಿಸ್ಕತ್ತು, ಹಣ್ಣಿನ ರಸ, ಕ್ಲಬ್ಬಿನ ಸದಸ್ಯರ ಉಪಚಾರ. ಅದೇ ಚೀಲ ಪ್ರಯೋಗಾಲಯದಲ್ಲಿ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಟ್ಟು, ಅಪಘಾತದಲ್ಲಿ ಗಾಯಗೊಂಡವನಿಗೆ, ಬಾಣಂತಿಗೆ, ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕಾಗುವ ಥಲಸ್ಸೇಮಿಯಾ ಮಗುವಿಗೆ ಸಲ್ಲಬಹುದು.

ಈಗ ಕ್ಲಬ್ಬಿನ ವರುಷವನ್ನು ಈ ಚೀಲಗಳ ದೃಷ್ಟಿಯಿಂದ ನೋಡೋಣ. ಪದಗ್ರಹಣದ ಹಾರಗಳು ಬಾಡುವ ಮೊದಲೇ ಮಳೆಗಾಲದ ಡೆಂಗಿ ಜ್ವರ ನಗರವನ್ನು ಹಿಡಿಯುತ್ತದೆ. ಐದು ದಿನವಷ್ಟೇ ಬಾಳುವ ಪ್ಲೇಟ್‌ಲೆಟ್ಟಿಗಾಗಿ ದೂರವಾಣಿಗಳು ಮೊಳಗುತ್ತವೆ. ಆಗಸ್ಟ್ 15ಕ್ಕೆ ಶಿಬಿರ. ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1ಕ್ಕೆ ಮತ್ತೊಂದು. ನವೆಂಬರಿನಲ್ಲಿ ರಾಜ್ಯೋತ್ಸವದ ನೆಪ. ಇವುಗಳ ನಡುವೆ, ರಕ್ತಕ್ಕೆ ಸಂಬಂಧಿಸದಿದ್ದರೂ ಕ್ಲಬ್ಬುಗಳ ಪಾಲಿಗೆ ಮುಖ್ಯವಾದ ಇನ್ನೊಂದು ದಿನ, ಅಕ್ಟೋಬರ್ 24ರ ವಿಶ್ವ ಪೋಲಿಯೋ ದಿನ. ಈ ಪಿಡುಗಿನ ವಿರುದ್ಧ ರೋಟರಿ 1985ರಲ್ಲಿ ಪಣ ತೊಟ್ಟಿತು. ನಮ್ಮಲ್ಲಿ 1995ರಿಂದ ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಸದಸ್ಯರು ಸರ್ಕಾರಿ ಸಿಬ್ಬಂದಿಯ ಜೊತೆಗೆ ಬೂತುಗಳಲ್ಲಿ ನಿಂತು, ಎರಡು ಹನಿ ಕುಡಿದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದನ್ನು ನೋಡುತ್ತ ಬಂದರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣವಾಗಿ, 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತವೆಂದು ದೃಢಪಟ್ಟಿತು. ಅಷ್ಟು ವರುಷಗಳಲ್ಲಿ ಪ್ರತಿಯೊಂದು ಕ್ಲಬ್ಬಿನಲ್ಲಿಯೂ ಎಷ್ಟೊಂದು ಅಧ್ಯಕ್ಷರು ಬಂದು ಹೋಗಿದ್ದರು! ಕಾಲರು ಬದಲಾಯಿತು, ಹಿಡಿದ ಕೆಲಸ ಬದಲಾಗಲಿಲ್ಲ. ಅದರಿಂದಲೇ ಅದು ಕೈಗೂಡಿತು. ತಿಪ್ಪಸಂದ್ರದಲ್ಲಿಯೂ ಆದದ್ದು ಅದೇ: ಕ್ಲಬ್ಬಿನ ಪದಾಧಿಕಾರಿಗಳು ಬದಲಾದರೂ ನಿಲ್ಲದ ಒಂದು ಟ್ರಸ್ಟಿಗೆ, ವೃತ್ತಿಪರ ವೈದ್ಯರಿಗೆ, ತಂತ್ರಜ್ಞರಿಗೆ ಭಾರವನ್ನು ಒಪ್ಪಿಸಿ, ದಾನಿಗಳನ್ನು ಕರೆತರುವ ಕೆಲಸದಲ್ಲಿ ಕ್ಲಬ್ಬುಗಳು ಬೆಂಬಲವಾಗಿ ನಿಂತವು. ನನ್ನ ದೃಷ್ಟಿಯಲ್ಲಿ ಬೆಂಗಳೂರಿನ ಸೇವಾಕ್ಲಬ್ಬುಗಳು ಮಾಡಿದ ಅತ್ಯಂತ ವಿವೇಕದ ಕೆಲಸ ಇದೇ.

ವರುಷದ ಕಠಿಣ ಕಾಲ ಏಪ್ರಿಲ್ ಮತ್ತು ಮೇ. ಕಾಲೇಜುಗಳಿಗೆ ರಜೆ, ಕುಟುಂಬಗಳು ಊರಿಗೆ ಹೊರಟಿರುತ್ತವೆ, ಬಿಸಿಲಿಗೆ ಅಂಜಿ ಶಿಬಿರಗಳು ಬಡವಾಗುತ್ತವೆ. ಶಸ್ತ್ರಚಿಕಿತ್ಸೆಗಳಿಗೂ ಅಪಘಾತಗಳಿಗೂ ಬೇಸಿಗೆ ರಜೆಯಿಲ್ಲ. ಜೂನ್ 14ರ ವಿಶ್ವ ರಕ್ತದಾನಿಗಳ ದಿನಕ್ಕೆ ಮತ್ತೆ ಉತ್ಸಾಹ ಮರಳುವುದು ನಿಜವಾದರೂ, ಆ ನಡುವಣ ವಾರಗಳು ರೋಗಿಗಳ ಪಾಲಿಗೆ ದೀರ್ಘವಾದವು. ವಯಸ್ಸು 18 ತುಂಬಿ, ತೂಕ 45 ಕಿಲೋಗ್ರಾಮಿಗೆ ಕಡಿಮೆಯಿಲ್ಲದೆ ಆರೋಗ್ಯವಾಗಿರುವ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಓದುಗರೇ, ಹುಟ್ಟುಹಬ್ಬವನ್ನಾಗಲಿ ಜಯಂತಿಯನ್ನಾಗಲಿ ಕಾಯದೆ, ಈ ಬೇಸಿಗೆಯ ಒಂದು ಬೆಳಗ್ಗೆ ನಿಮಗೆ ಸಮೀಪವಾದ ರಕ್ತನಿಧಿಗೆ ಹೋಗಿ ಬನ್ನಿ. ಸಾಧ್ಯವಾದರೆ ನೆರೆಮನೆಯವರೊಬ್ಬರನ್ನೂ ಕರೆದೊಯ್ಯಿರಿ.