ಪಿಜಿಸಿಇ ವರ್ಷದ ಪಂಚಾಂಗ

ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ ಈಚೆಗೆ ಒಂದು ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ಹತ್ತು ಹದಿನೈದು ವರ್ಷ ಲ್ಯಾಬಿನಲ್ಲೋ ಐಟಿ ಕಂಪನಿಯಲ್ಲೋ ದುಡಿದವರು, ಇಲ್ಲವೇ ಮಕ್ಕಳು ಸಣ್ಣವರೆಂದು ಕೆಲಸ ಬಿಟ್ಟು ಮನೆಯಲ್ಲಿದ್ದವರು, ಈಗ ಶಾಲೆಯಲ್ಲಿ ಪಾಠ ಮಾಡಲು ಹೊರಟಿದ್ದಾರೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟಿಂಗ್ ಕಲಿಸುವವರು ಇಲ್ಲಿ ಸಾಕಷ್ಟು ಸಿಗುತ್ತಿಲ್ಲ. ಅದಕ್ಕೇ ಸರ್ಕಾರ 2025–26ರ ಸಾಲಿಗೆ ಈ ನಾಲ್ಕು ವಿಷಯಗಳ ಅರ್ಹ ತರಬೇತಿ ಅಭ್ಯರ್ಥಿಗಳಿಗೆ 29,000 ಪೌಂಡ್ ಬರ್ಸರಿ, ಎಂದರೆ ಸಹಾಯಧನ, ಘೋಷಿಸಿತು. ಪಿಜಿಸಿಇ ಎನ್ನುವ ತರಬೇತಿ ಕೋರ್ಸಿನ ಆ ಸಾಲಿನ ಫೀಸು 9,535 ಪೌಂಡ್ ಕಳೆದರೂ ಕೈಯಲ್ಲಿ ಒಂದಿಷ್ಟು ಉಳಿಯುತ್ತಿತ್ತು.

ನನ್ನ ಹೆಂಡತಿ ಲ್ಯಾಬಿನ ಬಿಳಿ ಕೋಟು ಕಳಚಿಟ್ಟು ಕೆಮಿಸ್ಟ್ರಿ ಟೀಚರ್ ಆಗುತ್ತೇನೆ ಎಂದಾಗ ಹಾಸನದಿಂದ ಅತ್ತೆಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಒಳ್ಳೇದಾಯ್ತು ಬಿಡಮ್ಮ. ಮೇಷ್ಟ್ರ ಕೆಲಸ ಅಂದ್ರೆ ರಜ ಜಾಸ್ತಿ. ಇನ್ಮೇಲಾದ್ರೂ ಊರಿಗೆ ಬಂದು ನಾಕು ದಿನ ಇರಬಹುದು."

ಲೆಕ್ಕದಲ್ಲಿ ಅವರು ಹೇಳಿದ್ದು ತಪ್ಪಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಯ ಶಿಕ್ಷಕರ ವರ್ಷ 195 ದಿನ. ಅದರಲ್ಲಿ 190 ದಿನ ಪಾಠ, ಮಿಕ್ಕ ಐದು ಮಕ್ಕಳಿಲ್ಲದ ತರಬೇತಿ ದಿನ, ಇಲ್ಲಿಯವರ ಬಾಯಲ್ಲಿ ಇನ್‌ಸೆಟ್ ಡೇ. ಅಂದರೆ 39 ವಾರ ಕೆಲಸ, ಹದಿಮೂರು ವಾರ ರಜೆ. ಆದರೆ ಅದು ಶಿಕ್ಷಕರಾದ ಮೇಲಿನ ಮಾತು. ಶಿಕ್ಷಕರಾಗುವ ವರ್ಷದ ಕಥೆ ಬೇರೆ.

ಪಿಜಿಸಿಇ ನಮ್ಮ ಬಿ.ಇಡಿ.ಯ ಇಂಗ್ಲಿಷ್ ದಾಯಾದಿ. ನಮ್ಮಲ್ಲಿ ಒಂದೇ ವರ್ಷದಲ್ಲಿ ಮುಗಿಯುತ್ತಿದ್ದ ಬಿ.ಇಡಿ. 2015ರಿಂದ ಎರಡು ವರ್ಷದ್ದಾಯಿತು. ಆ ಎರಡು ವರ್ಷದಲ್ಲಿ ಶಾಲೆಗೆ ಹೋಗಿ ಪಾಠ ಮಾಡುವುದು ಇಪ್ಪತ್ತು ವಾರ. ಇಲ್ಲಿ ಸೆಪ್ಟೆಂಬರಿನಲ್ಲಿ ಶುರುವಾಗಿ ಜೂನ್ ಕೊನೆಯ ಹೊತ್ತಿಗೆ ಮುಗಿಯುವ ಒಂದೇ ವರ್ಷದಲ್ಲಿ 120 ದಿನ, ಎಂದರೆ 24 ವಾರ, ಶಾಲೆಯಲ್ಲೇ ಇರಬೇಕು. ಅದೂ ಒಂದೇ ಶಾಲೆಯಲ್ಲಲ್ಲ, ಕನಿಷ್ಠ ಎರಡರಲ್ಲಿ; ಇದಕ್ಕೆ ಪ್ಲೇಸ್‌ಮೆಂಟ್ ಎನ್ನುತ್ತಾರೆ. ಅದರ ಜೊತೆಗೇ ಯೂನಿವರ್ಸಿಟಿಯ ತರಗತಿ, ಎಂ.ಎ. ಮಟ್ಟದ ಅಸೈನ್‌ಮೆಂಟು, ಮೆಂಟರ್ ಕೂತು ನೋಡುವ ಪಾಠ, ಆ ಪಾಠಕ್ಕೆ ಹಿಂದಿನ ರಾತ್ರಿ ಬರೆದಿಡುವ ಲೆಸನ್ ಪ್ಲ್ಯಾನು.

(ಇಷ್ಟೆಲ್ಲ ಎಲ್ಲರಿಗೂ ಬೇಕಾಗಿಲ್ಲ. 2023ರ ಫೆಬ್ರವರಿಯಿಂದ, ಭಾರತದಲ್ಲೇ ಶಿಕ್ಷಕ ತರಬೇತಿ ಪಡೆದು ಗಣಿತ, ವಿಜ್ಞಾನ ಅಥವಾ ಭಾಷೆ ಕಲಿಸಿದ ಅನುಭವ ಇರುವವರು ಇಲ್ಲಿನ ಶಿಕ್ಷಕ ಅರ್ಹತೆಗೆ ನೇರವಾಗಿ ಅರ್ಜಿ ಹಾಕಬಹುದು. ಊರಿಂದ ಸ್ಟೂಡೆಂಟ್ ವೀಸಾದಲ್ಲಿ ಬಂದು ಪಿಜಿಸಿಇ ಮಾಡುವವರಿಗೂ ಕುಟುಂಬದ ರಜೆಯ ತಲೆನೋವಿಲ್ಲ. ಅವರದು ಬೇರೆಯೇ ಸಂಕಟ: 2024ರ ಜನವರಿಯಿಂದ ಇಂಥ ಕೋರ್ಸಿನವರು ಹೆಂಡತಿ ಮಕ್ಕಳನ್ನು, ಗಂಡನನ್ನು ಕರೆತರುವಂತೆಯೇ ಇಲ್ಲ.)

ಇಂಥ ವರ್ಷದಲ್ಲಿ ಮನೆಮಂದಿಯೆಲ್ಲ ರಜೆಗೆ ಹೊರಡುವುದಕ್ಕೆ ಮೊದಲ ತೊಡಕು ಕ್ಯಾಲೆಂಡರಿನದು. ಇಂಗ್ಲೆಂಡಿನಲ್ಲಿ ಶಾಲಾ ರಜೆಯನ್ನು ಗೊತ್ತು ಮಾಡುವವರು ಒಬ್ಬರಲ್ಲ. ಕೆಲವು ಶಾಲೆಗಳಿಗೆ ಸ್ಥಳೀಯ ಕೌನ್ಸಿಲ್ ಹೇಳುತ್ತದೆ. ಅಕಾಡೆಮಿ ಎನ್ನುವ ಶಾಲೆಗಳು ತಾವೇ ಹೇಳಿಕೊಳ್ಳುತ್ತವೆ. ಬಹುತೇಕ ಒಂದೇ ಥರ ಇರುತ್ತವೆ, ಆದರೆ ಒಂದೊಂದು ವಾರ ಹಿಂದುಮುಂದಾಗುತ್ತದೆ. ಟರ್ಮಿನ ನಡುವಿನ ರಜೆ, ಹಾಫ್ ಟರ್ಮ್, ಅಕ್ಟೋಬರಿನಲ್ಲಿ ಕೆಲವೆಡೆ ಒಂದು ವಾರ, ಕೆಲವೆಡೆ ಎರಡು. ಪಿಜಿಸಿಇ ವರ್ಷದಲ್ಲಿ ಮನೆಯ ಫ್ರಿಜ್ಜಿನ ಮೇಲೆ ನಾಲ್ಕು ಕ್ಯಾಲೆಂಡರ್ ಅಂಟಿಸಬೇಕು: ಮಕ್ಕಳ ಶಾಲೆಯದು, ಯೂನಿವರ್ಸಿಟಿಯದು, ಮೊದಲ ಪ್ಲೇಸ್‌ಮೆಂಟ್ ಶಾಲೆಯದು, ಎರಡನೇ ಪ್ಲೇಸ್‌ಮೆಂಟ್ ಶಾಲೆಯದು. ಈ ನಾಲ್ಕನೆಯದು ಯಾವ ಊರಿನಲ್ಲಿದೆ ಎನ್ನುವುದು ಎಷ್ಟೋ ಸಲ ಸೆಪ್ಟೆಂಬರಿನಲ್ಲಿ ಗೊತ್ತೇ ಇರುವುದಿಲ್ಲ. ಅಗ್ಗದ ವಿಮಾನದ ಟಿಕೆಟ್ ಸಿಗುವುದು ಆಗಲೇ.

ತರಬೇತಿಯಲ್ಲಿರುವವರಿಗೆ ಕ್ಯಾಶುವಲ್ ಲೀವ್ ಎನ್ನುವುದು ಇಲ್ಲ. ಜ್ವರ ಬಂದು ಮಲಗಿದ ದಿನಗಳು ಹೆಚ್ಚಾದರೂ ಆ 120ರ ಲೆಕ್ಕ ತುಂಬಿಸಲು ಕೊನೆಯಲ್ಲಿ ಮತ್ತೆ ಶಾಲೆಗೆ ಹೋಗಬೇಕಾಗುತ್ತದೆ. ತಮ್ಮನ ಮದುವೆ ಇದೆ, ಒಂದು ವಾರ ಬಿಡಿ ಎಂದು ಕೇಳುವುದನ್ನು ಕೋರ್ಸಿನ ಮೊದಲ ದಿನವೇ ಕೇಳಿಬಿಡುವುದು ಲೇಸು.

ಅಕ್ಟೋಬರಿನ ರಜೆಯ ಆಸೆಗೆ ದೀಪಾವಳಿ ಕಾರಣ. 2024ರಲ್ಲಿ ಹಬ್ಬವೂ ಹಾಫ್ ಟರ್ಮೂ ಕೂಡಿ ಬಂದಿದ್ದವು. 2025ರಲ್ಲಿ ಹಬ್ಬ ಅಕ್ಟೋಬರ್ 20ರ ವಾರಕ್ಕೆ ಬಂತು, ಬಹುಪಾಲು ಶಾಲೆಗಳ ರಜೆ ಅದರ ಮುಂದಿನ ವಾರ. ಹಬ್ಬಕ್ಕೆಂದು ಮಗುವಿಗೆ ಒಂದು ದಿನದ ಅನುಮತಿ ಶಾಲೆ ಕೊಡುತ್ತದೆ. ಆ ದಿನ ಎಣ್ಣೆ ಒತ್ತಿಸಿಕೊಂಡು ಕೂತ ಮಗುವಿನ ಅಮ್ಮ ಮಾತ್ರ ಒಂಬತ್ತನೇ ಕ್ಲಾಸಿನವರ ಮುಂದೆ ಬನ್ಸೆನ್ ಬರ್ನರ್ ಹಚ್ಚುತ್ತಿರುತ್ತಾಳೆ.

ಡಿಸೆಂಬರಿನದು ಎರಡು ವಾರ. ಬೆಂಗಳೂರಿನ ಹವೆ ಆಗ ಚೆನ್ನ. ಆದರೆ ಅದು ಧನುರ್ಮಾಸ; ಮದುವೆ, ಗೃಹಪ್ರವೇಶ ಯಾವುದೂ ಇಲ್ಲ. ನೆಂಟರನ್ನೆಲ್ಲ ಒಂದೇ ಛತ್ರದಲ್ಲಿ ನೋಡಿ ಮುಗಿಸುವ ಅನುಕೂಲ ತಪ್ಪಿ ಮನೆಮನೆ ತಿರುಗಬೇಕು. ನನ್ನ ಅಭಿಪ್ರಾಯ ಕೇಳಿದರೆ, ಆ ವರ್ಷ ಡಿಸೆಂಬರಿನಲ್ಲಿ ಊರಿಗೆ ಹೋಗಕೂಡದು. ಸೆಪ್ಟೆಂಬರಿನಿಂದ ಎಳೆದುಕೊಂಡು ಬಂದ ದೇಹ ರಜೆಯ ಮೊದಲ ದಿನವೇ ನೆಗಡಿ, ಕೆಮ್ಮು ಎಂದು ಮಲಗುತ್ತದೆ. ಜನವರಿಯಲ್ಲಿ ಹೊಸ ಶಾಲೆ, ಹೊಸ ಮೆಂಟರ್, ಹೆಸರೇ ಗೊತ್ತಿಲ್ಲದ ನೂರಾರು ಮಕ್ಕಳು. ಅತ್ತೆ ಮಾಡಿಕೊಟ್ಟ ಚಟ್ನಿಪುಡಿಯನ್ನೂ ಮುಗಿಯದ ಅಸೈನ್‌ಮೆಂಟನ್ನೂ ಒಂದೇ ಬ್ಯಾಗಿನಲ್ಲಿಟ್ಟುಕೊಂಡು ಹೀಥ್ರೂನಲ್ಲಿ ಇಳಿಯುವುದು ರಜೆಯೆನಿಸುವುದಿಲ್ಲ.

ಇಡೀ ಪಿಜಿಸಿಇ ವರ್ಷದಲ್ಲಿ ನಮಗೆ ನಿಜವಾಗಿ ಉಪಯೋಗಕ್ಕೆ ಬಂದ ಪ್ರವಾಸವೆಂದರೆ ಫೆಬ್ರವರಿಯದು. ಅದರಲ್ಲಿ ಹೆಂಡತಿ ಇರಲಿಲ್ಲ. ಹಾಫ್ ಟರ್ಮಿನಲ್ಲಿ ನಾನು ಮಕ್ಕಳನ್ನು ಕಟ್ಟಿಕೊಂಡು ಯಾರ್ಕ್‌ಗೆ ಹೋದೆ. ಅಲ್ಲಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಮ್ಮಿಗೆ ಪ್ರವೇಶ ಶುಲ್ಕವಿಲ್ಲ. ಸುರಿವ ಚಳಿ ಮಳೆಯಲ್ಲಿ ಹಬೆ ಎಂಜಿನ್ನುಗಳ ನಡುವೆ ಇಡೀ ದಿನ ಕಳೆಯಬಹುದು. ಅವಳಿಗೆ ಸಿಕ್ಕಿದ್ದು ಖಾಲಿ ಮನೆ. ಅಡುಗೆ ಮಾಡಬೇಕಿಲ್ಲ, ಹೋಮ್‌ವರ್ಕ್ ನೋಡಬೇಕಿಲ್ಲ. ಕಣ್ತುಂಬ ನಿದ್ದೆ, ಮಧ್ಯಾಹ್ನ ಅವಲಕ್ಕಿ, ಸಂಜೆ ಹೊತ್ತಿಗೆ ಬರೆದು ಮುಗಿದ ಅಸೈನ್‌ಮೆಂಟು. ಊರಿನಲ್ಲಿ ಕೆಲವರು ಇದನ್ನು ಕೇಳಿ ಹುಬ್ಬೇರಿಸಿದರು. "ಹೆಂಡತೀನ ಬಿಟ್ಟು ಟೂರಾ?" ಎಂದರು. ಹೌದು. ತರಬೇತಿಯಲ್ಲಿರುವವರನ್ನು ಬಲವಂತವಾಗಿ ಕಾರಿನಲ್ಲಿ ಕೂರಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ ಅವರಿಗೆ ಬೆಟ್ಟ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು. ಆ ಸಂಕೋಚವೊಂದನ್ನು ಬಿಟ್ಟರೆ ಅರ್ಧ ಸಮಸ್ಯೆ ಕಳೆಯಿತು.

ಈಸ್ಟರ್ ಬಂದಾಗ ಊರು ಮತ್ತೆ ಕರೆಯುತ್ತದೆ. ಕರ್ನಾಟಕದ ಬೇಸಿಗೆ ರಜೆಯೂ ಇಲ್ಲಿನ ಎರಡು ವಾರದ ಈಸ್ಟರ್ ರಜೆಯೂ ಕೂಡಿದರೆ, ಅಣ್ಣ ತಮ್ಮಂದಿರ ಮಕ್ಕಳೆಲ್ಲ ಒಟ್ಟಿಗೆ ಸಿಗುವುದು ಆಗಲೇ. ಆದರೆ ಈಸ್ಟರ್ ಹುಣ್ಣಿಮೆಯ ಲೆಕ್ಕದ ಹಬ್ಬ. 2025ರಲ್ಲಿ ಏಪ್ರಿಲ್ 20ಕ್ಕೆ ಬಂತು. ರಸಪುರಿ ಮಾವು ಮಾರುಕಟ್ಟೆಗೆ ಇಣುಕುವ ಹೊತ್ತು. 2026ರದು ಏಪ್ರಿಲ್ 5ಕ್ಕೆ. ಇಲ್ಲಿನ ರಜೆ ಮುಗಿಯುವ ಹೊತ್ತಿಗೆ ಅಲ್ಲಿನ ಮಕ್ಕಳ ರಜೆ ಶುರು.

ತಾರೀಖು ಕೂಡಿ ಬಂದರೂ ತರಬೇತಿಯಲ್ಲಿರುವವರಿಗೆ ವಿಮಾನ ಹತ್ತುವ ಧೈರ್ಯ ಬರುವುದಿಲ್ಲ. ಕೆಲಸ ಹುಡುಕುವ ಕಾಲ ಅದು. ಇಲ್ಲಿ ಶಿಕ್ಷಕರು ಆಗಸ್ಟ್ 31ಕ್ಕೆ ಶಾಲೆ ಬಿಡಬೇಕಾದರೆ ಮೇ 31ರೊಳಗೆ ರಾಜೀನಾಮೆ ಕೊಡಬೇಕು. ಏಪ್ರಿಲ್ ಕೊನೆಗೆ ಬಿಡುವವರು ಫೆಬ್ರವರಿ ಮುಗಿಯುವುದರೊಳಗೆ. ಹಾಗಾಗಿ ಸೆಪ್ಟೆಂಬರಿಗೆ ಖಾಲಿಯಾಗುವ ಹುದ್ದೆಗಳ ಜಾಹೀರಾತು ಹೆಚ್ಚಾಗಿ ಫೆಬ್ರವರಿಯಿಂದ ಮೇ ತನಕ. ಸೋಮವಾರ ಇಮೇಲ್ ಬಂದರೆ ಗುರುವಾರ ಸಂದರ್ಶನ. ಅಪರಿಚಿತ ಶಾಲೆಯ ಅಪರಿಚಿತ ಮಕ್ಕಳಿಗೆ ಅರ್ಧ ಗಂಟೆ ಪಾಠ ಮಾಡಿ ತೋರಿಸಬೇಕು, ಮಧ್ಯಾಹ್ನ ಪ್ರಶ್ನೋತ್ತರ. ಸಂಜೆ ಫೋನು: ಕೆಲಸ ಕೊಡುತ್ತಿದ್ದೇವೆ, ಒಪ್ಪುತ್ತೀರಾ? ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎನ್ನುವುದಕ್ಕೆ ಇಲ್ಲಿ ರೂಢಿಯಿಲ್ಲ. ಇಂಥ ಇಮೇಲು ರಜೆಯ ಕೊನೆಯ ದಿನ ಬಂದು, ನೀವಿನ್ನೂ ಸಕಲೇಶಪುರದಲ್ಲಿ ಕಾಫಿ ಕುಡಿಯುತ್ತಿದ್ದರೆ ಏನು ಗತಿ?

ಮೇ ಕೊನೆಯ ವಾರದ ರಜೆ ಚಿಕ್ಕದು, ಹಗುರದ್ದು. ವೇಲ್ಸಿನ ಕಡಲ ತೀರಕ್ಕೋ ಸ್ಕಾಟ್ಲೆಂಡಿಗೋ ಹೋಗಿ ಬರಲು ಅಡ್ಡಿಯಿಲ್ಲ.

ಇನ್ನು ಜೂನ್, ಜುಲೈ. ಇಲ್ಲೊಂದು ವಿಚಿತ್ರ ಸಂದಿ ಹುಟ್ಟುತ್ತದೆ. ಪಿಜಿಸಿಇ ಜೂನ್ ಕೊನೆಗೆ ಮುಗಿಯುತ್ತದೆ, ಮಕ್ಕಳ ಶಾಲೆ ಜುಲೈ ಮೂರನೇ ವಾರದ ತನಕ ನಡೆಯುತ್ತದೆ. ಅಮ್ಮ ಬಿಡುಗಡೆಯಾಗಿದ್ದಾಳೆ, ಮಕ್ಕಳು ಆಗಿಲ್ಲ. ಜುಲೈ ಮೊದಲ ವಾರದ ಟಿಕೆಟ್ ದರ ನೋಡಿದರೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ಮಕ್ಕಳ ಶಾಲೆ ತಪ್ಪಿಸಿ ಹೊರಟುಬಿಡೋಣ ಎನಿಸುತ್ತದೆ. ಹೊರಡುವ ಮೊದಲು ದಂಡದ ಲೆಕ್ಕ ಹಾಕಬೇಕು. 2024ರ ಆಗಸ್ಟಿನಿಂದ ಇಂಗ್ಲೆಂಡಿನಲ್ಲಿ, ಅನುಮತಿಯಿಲ್ಲದೆ ಐದು ದಿನ ಶಾಲೆ ತಪ್ಪಿಸಿದರೆ ದಂಡದ ನೋಟಿಸ್ ಬರಬಹುದು: 21 ದಿನದೊಳಗೆ ಕಟ್ಟಿದರೆ 80 ಪೌಂಡ್, ತಡವಾದರೆ 160. ಇದು ಒಬ್ಬ ಪೋಷಕರಿಗೆ, ಒಂದು ಮಗುವಿಗೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಎಂದರೆ 320 ಪೌಂಡ್. ಮೂರು ವರ್ಷದೊಳಗೆ ಎರಡನೇ ಸಲ ಸಿಕ್ಕಿಬಿದ್ದರೆ ನೇರವಾಗಿ 160ರ ದರ, ಮೂರನೇ ಸಲಕ್ಕೆ ಕೋರ್ಟು. ಐಲ್ ಆಫ್ ವೈಟ್ ದ್ವೀಪದ ತಂದೆಯೊಬ್ಬ 2015ರಲ್ಲಿ ಮಗಳನ್ನು ಶಾಲೆ ತಪ್ಪಿಸಿ ಫ್ಲಾರಿಡಾಕ್ಕೆ ಕರೆದೊಯ್ದು, ದಂಡ ಕಟ್ಟುವುದಿಲ್ಲ, ಮಗಳ ಒಟ್ಟು ಹಾಜರಾತಿ ಚೆನ್ನಾಗಿದೆ ಎಂದು ಸುಪ್ರೀಂ ಕೋರ್ಟಿನ ತನಕ ಹೋದ. 2017ರ ಏಪ್ರಿಲ್‌ನಲ್ಲಿ ಅಲ್ಲಿ ಸೋತ. ದಂಡ ಸೇರಿಸಿದರೂ ಜುಲೈ ಮೊದಲ ವಾರವೇ ಅಗ್ಗ ಎಂದು ಲೆಕ್ಕ ಹಾಕಿ ಹೋಗುವ ಕುಟುಂಬಗಳು ಬೇಕಾದಷ್ಟಿವೆ. ಆದರೆ ನಾಳೆಯಿಂದ ಹಾಜರಿ ಪುಸ್ತಕ ಕೈಯಲ್ಲಿ ಹಿಡಿಯುವವರೇ ಹೀಗೆ ಮಾಡಿದರೆ ಚೆನ್ನಾಗಿ ಕಾಣುವುದಿಲ್ಲ.

ಆ ಸಂದಿಗೆ ನಮ್ಮಲ್ಲಿ ಹಳೆಯದೊಂದು ಪರಿಹಾರವಿದೆ. 2025ರಲ್ಲಿ ಆಷಾಢ ಜೂನ್ 26ಕ್ಕೆ ಹುಟ್ಟಿ ಜುಲೈ 24ಕ್ಕೆ ಮುಗಿಯಿತು. ಹೊಸ ಮದುವಣಗಿತ್ತಿಯರು ತವರಿಗೆ ಹೋಗುವ ತಿಂಗಳು. ಪಿಜಿಸಿಇ ಮುಗಿಸಿದವಳಿಗೂ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಡ: ಗಂಡ, ಮಕ್ಕಳನ್ನು ಇಲ್ಲೇ ಬಿಟ್ಟು, ದುಬಾರಿ ಕಾಲ ಶುರುವಾಗುವ ಮೊದಲು ಒಬ್ಬಳೇ ಹೋಗಿ ಅಮ್ಮನ ಮನೆಯಲ್ಲಿ ಬಿದ್ದುಕೊಳ್ಳುವುದು. ಮದುವೆಯ ಕರೆಗಳ ಕಾಟವೂ ಇಲ್ಲ. 2026ರಲ್ಲಿ ಅಧಿಕ ಮಾಸ ಬರುವುದರಿಂದ ಆಷಾಢ ಜುಲೈ ನಡುವಿಗೆ ಜಾರುತ್ತದೆ, ಆದರೂ ಹೋಗಲು ಯಾರ ಅಡ್ಡಿ? ಗಮನಿಸಬೇಕಾದದ್ದು ಒಂದೇ, ಹೊಸ ಶಾಲೆಯವರು ಜುಲೈ ಆರಂಭದಲ್ಲಿ ಒಂದೆರಡು ದಿನ ಬಂದು ಹೋಗಿ ಎಂದು ಕರೆಯುವುದುಂಟು.

ಎಲ್ಲರೂ ಕೂಡಿ ಹೋಗುವುದು ಆಗಸ್ಟಿನಲ್ಲಿ ಮಾತ್ರ ಸಾಧ್ಯ. ಜೋಗ ತುಂಬಿ ಧುಮುಕುತ್ತಿರುತ್ತದೆ, ಮಲೆನಾಡಿನ ರಸ್ತೆಗಳು ಕುಸಿಯುತ್ತಿರುತ್ತವೆ, ಶ್ರಾವಣದ ಹಬ್ಬಗಳು ಸಾಲಾಗಿ ಬರುತ್ತವೆ, ಅಲ್ಲಿನ ಮಕ್ಕಳು ಬೆಳಿಗ್ಗೆಯೇ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ನಮ್ಮ ಮಕ್ಕಳು ಅಜ್ಜಿಯ ಜೊತೆ ಟಿವಿ ನೋಡುತ್ತ ನಾಲ್ಕು ಗಂಟೆಯಾಗುವುದನ್ನೇ ಕಾಯುತ್ತಾರೆ. ಇದೆಲ್ಲ ಸಹಿಸಬಹುದು. ದುಡ್ಡಿನ ವಿಷಯ ಮಾತ್ರ ಮೊದಲೇ ತಿಳಿದಿರಬೇಕು. ಬರ್ಸರಿಯ ಕಂತುಗಳು ಅಕ್ಟೋಬರಿನಿಂದ ಜುಲೈ ತನಕ. ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಸೇರಿದವರ ಮೊದಲ ಸಂಬಳ ಸೆಪ್ಟೆಂಬರ್ ಕೊನೆಗೆ. ಎಂದರೆ ವರ್ಷದ ಅತ್ಯಂತ ದುಬಾರಿ ಟಿಕೆಟ್ಟಿನ ತಿಂಗಳಲ್ಲೇ ಒಬ್ಬರ ಆದಾಯ ಸೊನ್ನೆ. ಜನವರಿಯಿಂದಲೇ ತಿಂಗಳಿಗಿಷ್ಟು ಎಂದು ಬೇರೆ ತೆಗೆದಿಡುವುದೊಂದೇ ದಾರಿ.

ರಜೆಯ ವಿಷಯದಲ್ಲಿ ಊರಿನ ಮೇಷ್ಟ್ರುಗಳೇ ಸುಖಿಗಳು ಎಂದುಕೊಂಡಿದ್ದೆ. 2025ರಲ್ಲಿ ಕರ್ನಾಟಕದ ಜಾತಿ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ವಿಸ್ತರಿಸಿದರು. ರಜೆ ಮಕ್ಕಳಿಗೆ, ಮೇಷ್ಟ್ರುಗಳು ಮೊಬೈಲ್ ಹಿಡಿದು ಮನೆಮನೆ ಸುತ್ತಿದರು. ಅತ್ತೆಯವರ ಪಕ್ಕದ ಮನೆಯ ಟೀಚರೂ ಅವರಲ್ಲಿ ಒಬ್ಬರು. ಅಂದಿನಿಂದ ಅತ್ತೆಯವರು ರಜ ಜಾಸ್ತಿ ಎನ್ನುವ ಮಾತನ್ನು ಕೈಬಿಟ್ಟಿದ್ದಾರೆ. ಈಗ ನೇರವಾಗಿ ಯಾವಾಗ ಬರ್ತೀರಿ ಎಂದೇ ಕೇಳುತ್ತಾರೆ. ಹೆಂಡತಿಗೆ ಕೆಲಸ ಸಿಕ್ಕಿದ ಶಾಲೆಗೆ ಅಕ್ಟೋಬರಿನಲ್ಲಿ ಎರಡು ವಾರ ರಜೆ, ಮಕ್ಕಳಿಗೆ ಒಂದೇ ವಾರ. ನನಗೆ ಆಫೀಸಿನಲ್ಲಿ ರಜೆ ಕೇಳಲು ಯಾವ ವಾರವೆಂದು ಇನ್ನೂ ತೀರ್ಮಾನವಾಗಿಲ್ಲ.