ಡೋಲು ಮತ್ತು ನೆಲ

ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಓದಿದವರಿಗೆ ಚೋಮನ ಆಸೆ ನೆನಪಿರುತ್ತದೆ: ಒಂದು ತುಂಡು ಗದ್ದೆ ಹಿಡಿದು ತಾನೇ ಬೇಸಾಯ ಮಾಡಬೇಕು. ಅಸ್ಪೃಶ್ಯನಿಗೆ ಅದು ಸಲ್ಲದೆಂದಿತು ಊರು. ಕೊನೆಗೆ ಅವನ ಪಾಲಿಗೆ ಉಳಿದದ್ದು ದುಡಿ ಮಾತ್ರ.

ಪುತ್ತೂರು, ಸುಳ್ಯ, ಕಡಬಗಳನ್ನೊಳಗೊಂಡ ದಕ್ಷಿಣ ಕನ್ನಡದಲ್ಲಿ, ಉಡುಪಿ, ಕಾಸರಗೋಡುಗಳಲ್ಲಿ ಹೀಗೆಯೇ ನೆಲವಿಲ್ಲದೆ ವಾದ್ಯದೊಡನೆ ಉಳಿದವರು ಕೊರಗರು. ಬುಟ್ಟಿ ಹೆಣೆಯುವುದು ಅವರ ಕುಲಕಸುಬು. ಡೋಲು ಬಾರಿಸುವುದು ಊರು ಅವರ ಮೇಲೆ ಹೊರಿಸಿದ ಚಾಕರಿ. ಇಂಥ ಚಾಕರಿಗಳಿಗೆಲ್ಲ ಸೇರಿ ‘ಅಜಲು’ ಎಂದು ಹೆಸರು. ಕಂಬಳದ ಹಿಂದಿನ ರಾತ್ರಿಯೆಲ್ಲ ಇಬ್ಬನಿಯಲ್ಲಿ ಕುಳಿತು ಡೋಲು ಬಾರಿಸಬೇಕು. ಬೆಳಗಾದರೆ ಕೋಣಗಳಿಗಿಂತ ಮೊದಲು ತಾವೇ ಗದ್ದೆಯಲ್ಲಿ ಓಡಬೇಕು. ಇವೆಲ್ಲಕ್ಕಿಂತ ಹೀನವಾದದ್ದು ಇನ್ನೊಂದಿತ್ತು. ಮನೆಯವರ ಕೂದಲು, ಉಗುರುಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ಉಣಿಸಿದರೆ ಮನೆಯ ಪೀಡೆ ಅವರಿಗೆ ದಾಟುತ್ತದೆಂಬ ನಂಬಿಕೆ ಅದು.

ಅಖಾದ್ಯ ವಸ್ತುವನ್ನು ಬಲವಂತವಾಗಿ ತಿನ್ನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಅಪರಾಧ. ಆದರೂ ಬೇರೆ ಕಾನೂನು ಏಕೆ ಬೇಕಾಯಿತು? ಅಜಲಿನಲ್ಲಿ ಯಾರೂ ಯಾರ ಕೈಕಾಲು ಕಟ್ಟುತ್ತಿರಲಿಲ್ಲ. ಹೇಳಿ ಕಳುಹಿಸಿದರೆ ಬರುತ್ತಿದ್ದರು, ಕೊಟ್ಟದ್ದನ್ನು ಪಡೆದು ಹೋಗುತ್ತಿದ್ದರು. ಅದಕ್ಕೆ ‘ಕಟ್ಟುಕಟ್ಟಳೆ’ ಎಂಬ ಮರ್ಯಾದೆಯ ಹೆಸರೂ ಇತ್ತು! 2000ದ ಅಜಲು ನಿಷೇಧ ಕಾಯ್ದೆ ಈ ಮರೆಯನ್ನು ಕಿತ್ತಿತು: ಕೂಲಿ ಕೊಟ್ಟರೂ ಸರಿ, ಕೊಡದಿದ್ದರೂ ಸರಿ, ಕೊರಗರನ್ನು ಕೀಳಾಗಿ ಕಂಡು ಇಂಥ ಕೆಲಸಕ್ಕೆ ಹಚ್ಚುವುದೇ ಅಪರಾಧ. ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ ಒಪ್ಪಿಸಿ ಕೈಮುಗಿಯುವ ತುಳುನಾಡಿನಲ್ಲೇ ಅವನ ಕುಲದವರಿಗಾಗಿ ಇಂಥ ಕಾಯ್ದೆ ಬೇಕಾಯಿತೆಂಬುದು ವಿಚಿತ್ರ.

ಕೊರಗರು ತಮ್ಮ ಹೋರಾಟವನ್ನು ನೆನೆಯುವುದು ಮಾತ್ರ ಈ ಕಾಯ್ದೆಯ ದಿನದಂದಲ್ಲ, ಆಗಸ್ಟ್ 18ರಂದು. 1993ರ ಆ ದಿನ ಅವರು ಭೂಮಿ ಕೇಳಿ ಮಂಗಳೂರಿನಲ್ಲಿ ಜಾಥಾ ನಡೆಸಿದರು. ಅನಂತರ ಡಾ. ಮಹಮ್ಮದ್ ಪೀರ್ ಅವರ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದಿತು. ಅದು ಪೂರ್ತಿಯಾಗಿ ಜಾರಿಯಾಗಿಲ್ಲ. ಚೋಮನ ಬೇಡಿಕೆಯೂ ಇದೇ ಆಗಿತ್ತಲ್ಲವೆ? ಅವಮಾನವನ್ನು ನಿಷೇಧಿಸಲು ಒಂದು ಕಾಯ್ದೆ ಸಾಕು. ನೆಲ ಕೊಡಬೇಕಾದರೆ ಯಾರೋ ಬಿಟ್ಟುಕೊಡಬೇಕು, ಸರ್ಕಾರ ಅಳೆದು ಕೊಡಬೇಕು.

ಆ ದಿನಕ್ಕೆ ಅವರಿಟ್ಟ ಹೆಸರು ‘ಭೂಮಿ ಹಬ್ಬ’. ಅಲ್ಲಿಯೂ ಡೋಲು ಮೊಳಗುತ್ತದೆ, ಬಾರಿಸೆಂದು ಹೇಳಿ ಕಳುಹಿಸುವ ಧಣಿ ಮಾತ್ರ ಇರುವುದಿಲ್ಲ.