ಹಿಂದಿರುಗಿ ಬರುವ ಎಂಜಿನ್ ನಿಯಂತ್ರಣ ಘಟಕ: ದೋಷಪತ್ತೆಯ ಕ್ರಮ ಮತ್ತು ವರ್ತಕರ ಲೆಕ್ಕ

ಮೋಟಾರ್ ಸೈಕಲ್ ಬಿಡಿಭಾಗಗಳ ವರ್ತಕರಿಗೂ ಅವುಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳಿಗೂ ಈಗ ಚಿರಪರಿಚಿತವಾಗಿರುವ ಒಂದು ಸರಕೆಂದರೆ ಎಂಜಿನ್ ನಿಯಂತ್ರಣ ಘಟಕ. ಕಾರ್ಖಾನೆಯಿಂದ ವಾಹನದೊಡನೆ ಬಂದ ಘಟಕಕ್ಕೆ ಬದಲಾಗಿ ಅಥವಾ ಅದಕ್ಕೆ ಜೊತೆಯಾಗಿ ಹೊರಗಿನಿಂದ ಕೊಂಡು ಅಳವಡಿಸುವ ಈ ಪೆಟ್ಟಿಗೆಯನ್ನು ವ್ಯವಹಾರದಲ್ಲಿ ಆಫ್ಟರ್‌ಮಾರ್ಕೆಟ್ ಇ.ಸಿ.ಎಂ. ಎಂದೂ, ಸುಲಭವಾಗಿ ಮಾಡ್ಯೂಲ್ ಎಂದೂ ಕರೆಯುತ್ತಾರೆ. ಇದರ ಬೆಲೆ ಹೆಚ್ಚು, ಲಾಭಾಂಶ ಸಾಧಾರಣ, ದೂರು ಮಾತ್ರ ಬೇಗ. ಗಾಡಿ ನಡುದಾರಿಯಲ್ಲಿ ನಿಂತರೆ ಹೊಸದಾಗಿ ಹಾಕಿಸಿದ ವಸ್ತುವಿನ ಮೇಲೆಯೇ ಗ್ರಾಹಕನ ಸಂಶಯ ಹೋಗುವುದು ಸಹಜ. ಆದರೆ ಆ ಸಂಶಯವನ್ನು ಪರೀಕ್ಷಿಸದೆ ಮಾಡ್ಯೂಲನ್ನು ಬದಲಾಯಿಸಿ ಕೊಡುವ ವರ್ತಕನು ತನ್ನದಲ್ಲದ ತಪ್ಪಿಗೆ ತಾನೇ ದಂಡ ತೆರುತ್ತಾನೆ.

ಘಟಕದ ಕಾರ್ಯವಿಧಾನ

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಜೆಟ್ ಹಾಗೂ ಸ್ಕ್ರೂಗಳಿಂದ ಸರಿಪಡಿಸಲಾಗುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ಮಾನದಂಡ ಜಾರಿಗೆ ಬಂದ ಮೇಲೆ ಹೊಸ ಮೋಟಾರ್ ಸೈಕಲುಗಳಲ್ಲಿ ಇಂಧನ ಇಂಜೆಕ್ಷನ್ ವ್ಯವಸ್ಥೆಯೇ ಸಾಮಾನ್ಯವಾಯಿತು. ಇದರಲ್ಲಿ ಎಂಜಿನ್ನಿನ ವೇಗ, ಥ್ರಾಟಲ್ ತೆರೆದಿರುವ ಪ್ರಮಾಣ, ಉಷ್ಣತೆ, ಹೊಗೆಯಲ್ಲಿ ಉಳಿದಿರುವ ಆಮ್ಲಜನಕ ಮುಂತಾದವನ್ನು ಸೆನ್ಸರ್‌ಗಳು ಅಳೆದು ತಿಳಿಸುತ್ತವೆ. ಆ ಮಾಹಿತಿಯಂತೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು, ಕಿಡಿ ಯಾವ ಕ್ಷಣದಲ್ಲಿ ಹೊತ್ತಬೇಕು ಎಂಬುದನ್ನು ಘಟಕವು ನಿರ್ಧರಿಸುತ್ತದೆ.

ಹೊರಗಿನ ಮಾಡ್ಯೂಲುಗಳಲ್ಲಿ ಎರಡು ಬಗೆ. ಮೊದಲನೆಯದು ಮೂಲ ಘಟಕವನ್ನು ತೆಗೆದು ಅದರ ಸ್ಥಾನದಲ್ಲಿ ಕೂರಿಸುವಂಥದು. ಎರಡನೆಯದು ಪಿಗ್ಗಿಬ್ಯಾಕ್, ಇದು ಮೂಲ ಘಟಕದ ಆಜ್ಞೆಯನ್ನು ನಡುವೆ ಪಡೆದು, ತಿದ್ದಿ, ಮುಂದಕ್ಕೆ ಕಳುಹಿಸುತ್ತದೆ. ಬೆಂಗಳೂರಿನ ರೇಸ್ ಡೈನಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್, ಅಮೆರಿಕದ ಡೈನೋಜೆಟ್ ಸಂಸ್ಥೆಯ ಪವರ್ ಕಮಾಂಡರ್ ಇವು ಎರಡನೆಯ ಬಗೆಗೆ ಪರಿಚಿತ ಉದಾಹರಣೆಗಳು. ಯಾವ ಬಗೆಯದಾದರೂ ಮಾಡ್ಯೂಲ್ ತಾನಾಗಿ ಏನನ್ನೂ ಅರಿಯದು. ಬ್ಯಾಟರಿ, ವೈರಿಂಗ್ ಮತ್ತು ಸೆನ್ಸರ್‌ಗಳು ಕೊಟ್ಟದ್ದನ್ನೇ ಅದು ನಂಬಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಪವಾದ ಬರುವುದು ಮಾಡ್ಯೂಲಿನ ಮೇಲೆ.

ಪರೀಕ್ಷೆಯ ಕ್ರಮ

ಈ ಕೆಳಗಿನ ಪರೀಕ್ಷೆಗಳಿಗೆ ಒಂದು ಮಲ್ಟಿಮೀಟರ್, ಆ ಮಾದರಿಯ ಸರ್ವಿಸ್ ಕೈಪಿಡಿ ಹಾಗೂ ಅನುಭವವುಳ್ಳ ಮೆಕ್ಯಾನಿಕ್ ಇದ್ದರೆ ಸಾಕು. ಕ್ರಮವನ್ನು ತಪ್ಪಿಸದಿರುವುದು ಮುಖ್ಯ.

1. ಮೂಲಸ್ಥಿತಿಗೆ ತರುವುದು: ಪಿಗ್ಗಿಬ್ಯಾಕ್ ಆಗಿದ್ದರೆ ಅದನ್ನು ಬಿಚ್ಚಿ ಕಂಪನಿಯ ಕನೆಕ್ಟರುಗಳನ್ನು ಮೊದಲಿನಂತೆ ಜೋಡಿಸಬೇಕು. ಬದಲಿ ಘಟಕವಾಗಿದ್ದರೆ ಹಳೆಯದನ್ನು ಮತ್ತೆ ಕೂರಿಸಬೇಕು. ಆಗಲೂ ದೋಷ ಉಳಿದರೆ ಅದು ಮಾಡ್ಯೂಲಿನದಲ್ಲ. ಈ ಒಂದೇ ಪರೀಕ್ಷೆಯಿಂದ ಅರ್ಧ ವಾದ ಮುಗಿಯುತ್ತದೆ. ಬದಲಾಯಿಸಿದ ಮೂಲ ಘಟಕವನ್ನು ಜೋಪಾನವಾಗಿ ಇರಿಸಿಕೊಳ್ಳುವಂತೆ ಗ್ರಾಹಕನಿಗೆ ಮಾರಾಟದ ದಿನವೇ ಹೇಳಬೇಕಾದ ಕಾರಣವೂ ಇದೇ.

2. ಬ್ಯಾಟರಿ: ಪೂರ್ಣ ಚಾರ್ಜ್ ಆದ ಬ್ಯಾಟರಿಯು ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಸ್ಟಾರ್ಟರ್ ತಿರುಗುವಾಗ 10 ವೋಲ್ಟಿಗಿಂತ ಬಹಳ ಕೆಳಗಿಳಿದರೆ ಮಾಡ್ಯೂಲ್ ಅರೆಕ್ಷಣ ಸ್ಥಗಿತಗೊಂಡು ಮತ್ತೆ ಏಳುತ್ತದೆ, ಗಾಡಿ ಹೊತ್ತಿಕೊಳ್ಳುವುದಿಲ್ಲ.

3. ಅರ್ಥಿಂಗ್: ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಋಣ ತುದಿಗೂ ಮಾಡ್ಯೂಲಿನ ಅರ್ಥ್ ತಂತಿಗೂ ನಡುವಿನ ವೋಲ್ಟೇಜ್ ಅಳೆಯಬೇಕು. ಅದು 0.1 ಅಥವಾ 0.2 ವೋಲ್ಟನ್ನು ಮೀರಿದರೆ ತುಕ್ಕು, ಬಣ್ಣದ ಪದರ ಅಥವಾ ಸಡಿಲ ಬೋಲ್ಟ್ ಇದೆಯೆಂದು ತಿಳಿಯಬೇಕು.

4. ಫ್ಯೂಸ್ ಮತ್ತು ಸ್ವಿಚ್‌ಗಳು: ಕೀಲಿ ತಿರುಗಿಸಿದೊಡನೆ ಇಂಧನ ಪಂಪಿನ ಸದ್ದು ಒಂದೆರಡು ಸೆಕೆಂಡು ಕೇಳಿಸಬೇಕು. ಕೇಳಿಸದಿದ್ದರೆ ಫ್ಯೂಸ್, ಕಿಲ್ ಸ್ವಿಚ್ ಹಾಗೂ ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸೆನ್ಸರನ್ನು ನೋಡಬೇಕು. ಪಂಪ್ ಸದ್ದಿದ್ದೂ ಗೇರ್ ಹಾಕಿದೊಡನೆ ಎಂಜಿನ್ ನಿಲ್ಲುತ್ತಿದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್ಚನ್ನು ಪರೀಕ್ಷಿಸಬೇಕು.

5. ಕನೆಕ್ಟರುಗಳು: ಪಿನ್ನು ಹಿಂದಕ್ಕೆ ಸರಿದಿರುವುದು, ಒಳಗೆ ನೀರು ಸೇರಿರುವುದು, ಹಸಿರು ಕಿಲುಬು ಕಟ್ಟಿರುವುದು ಇವನ್ನು ಕಣ್ಣಿನಿಂದಲೇ ಕಾಣಬಹುದು. ಎಂಜಿನ್ ಓಡುತ್ತಿರುವಾಗ ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿದಾಗ ಎಂಜಿನ್ ತಡವರಿಸಿದರೆ ದೋಷದ ಜಾಗ ಸಿಕ್ಕಂತೆಯೇ. ಮಳೆಗಾಲದ ದೂರುಗಳಲ್ಲಿ ಇದನ್ನು ಮರೆಯಲಾಗದು.

6. ಸೆನ್ಸರ್‌ಗಳು: ಥ್ರಾಟಲ್ ಸೆನ್ಸರಿಗೆ ಸಾಮಾನ್ಯವಾಗಿ 5 ವೋಲ್ಟ್ ಪೂರೈಕೆ ಇರುತ್ತದೆ. ಥ್ರಾಟಲ್ ತಿರುಗಿಸಿದಂತೆ ಅದರ ಸಂಕೇತ ಜಿಗಿತವಿಲ್ಲದೆ ಏರಬೇಕು. ತಣ್ಣಗಿದ್ದಾಗ ಸರಿಯಾಗಿ ಓಡಿ, ಬಿಸಿಯಾದ ಮೇಲೆ ನಿಂತು, ತಣಿದ ಮೇಲೆ ಮತ್ತೆ ಓಡುವ ಗಾಡಿಯಲ್ಲಿ ಕ್ರ್ಯಾಂಕ್ ಸೆನ್ಸರಿನ ಕಾಯಿಲನ್ನು ಬಿಸಿಯಿರುವಾಗಲೇ ಅಳೆದು ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು.

7. ಸ್ಪಾರ್ಕ್ ಪ್ಲಗ್ ಮತ್ತು ಸ್ಥಳ: ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದ್ದರೆ, ಅಥವಾ ಮಾಡ್ಯೂಲನ್ನು ಇಗ್ನಿಷನ್ ಕಾಯಿಲಿನ ಪಕ್ಕದಲ್ಲೇ ಕಟ್ಟಿದ್ದರೆ, ವಿದ್ಯುತ್ ಗದ್ದಲದಿಂದ ಸಂಕೇತ ಕೆಡಬಹುದು.

8. ಮ್ಯಾಪ್: ಮಾಡ್ಯೂಲಿನಲ್ಲಿರುವ ಇಂಧನ ಕೋಷ್ಟಕವು ಆ ಮಾದರಿಗೆ, ಆ ವರ್ಷಕ್ಕೆ ಮತ್ತು ಹಾಕಿರುವ ಸೈಲೆನ್ಸರಿಗೆ ಸರಿಹೊಂದಬೇಕು. ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್, ಒಂದು ನಿರ್ದಿಷ್ಟ ವೇಗದಲ್ಲಷ್ಟೇ ಎಳೆತ ಕುಂದುವುದು ಇವು ಬಹುಮಟ್ಟಿಗೆ ಮ್ಯಾಪಿನ ಸೂಚನೆಗಳು. ಮೂಲ ಘಟಕವು ಆಮ್ಲಜನಕ ಸೆನ್ಸರನ್ನು ನಂಬಿ ಪಿಗ್ಗಿಬ್ಯಾಕ್ ಮಾಡಿದ ತಿದ್ದುಪಡಿಯನ್ನು ಮತ್ತೆ ಅಳಿಸುವ ಸಂಭವವೂ ಉಂಟು.

ಇವೆಲ್ಲ ಮುಗಿದ ಮೇಲೆಯೇ, ಸರಿಯಿದೆಯೆಂದು ಖಚಿತವಾಗಿರುವ ಅದೇ ಮಾದರಿಯ ಇನ್ನೊಂದು ಮಾಡ್ಯೂಲನ್ನು ಹಾಕಿ ನೋಡಬೇಕು. ಅದರಿಂದ ದೋಷ ಹೋದರೆ ಮಾತ್ರ ಮರಳಿಸುವ ಮಾತು.

ಒಂದು ಸರಳ ಲೆಕ್ಕ

ತೆರಿಗೆಯನ್ನು ಹೊರತುಪಡಿಸಿ ರೂ. 14,000ಕ್ಕೆ ಕೊಂಡ ಮಾಡ್ಯೂಲ್ ರೂ. 16,500ಕ್ಕೆ ಮಾರಾಟವಾಗುತ್ತದೆ ಎಂದಿಟ್ಟುಕೊಂಡರೆ ಲಾಭಾಂಶ ರೂ. 2,500. ದೂರು ಬಂದೊಡನೆ ದಾಸ್ತಾನಿನಿಂದ ಹೊಸದನ್ನು ಕೊಟ್ಟು ಹಳೆಯದನ್ನು ತಯಾರಕರಿಗೆ ಕಳುಹಿಸಿದರೆ, ಬಿಚ್ಚಿ ಹಾಕುವ ಕೂಲಿ ರೂ. 800, ಹೋಗಿಬರುವ ಕೊರಿಯರ್ ರೂ. 600. 'ದೋಷವಿಲ್ಲ' ಎಂಬ ಚೀಟಿಯೊಡನೆ ಮರಳಿ ಬಂದ, ಮೊಹರು ಒಡೆದ ಪೆಟ್ಟಿಗೆಯನ್ನು ರೂ. 2,000 ಕಡಿಮೆಗೆ ಮಾರಬೇಕಾದರೆ ಒಟ್ಟು ಹೊರೆ ರೂ. 3,400. ಹತ್ತು ಮಾಡ್ಯೂಲ್ ಮಾರಿ ಇಂತಹ ಎರಡು ಮರಳಿ ಬಂದರೆ ರೂ. 25,000 ಲಾಭದಲ್ಲಿ ರೂ. 6,800 ಹೋಯಿತು, ಅಂದರೆ ಕಾಲುಭಾಗಕ್ಕೂ ಮಿಗಿಲು. ಒಂದು ಗಂಟೆಯ ಪರೀಕ್ಷೆಗೆ ಮೆಕ್ಯಾನಿಕನಿಗೆ ರೂ. 300ರಂತೆ ಕೊಟ್ಟರೆ ಎರಡಕ್ಕೂ ಸೇರಿ ತಗಲುವುದು ರೂ. 600. ಗ್ರಾಹಕನ ಗಾಡಿಯೂ ಅದೇ ದಿನ ಸರಿಹೋಗುತ್ತದೆ.

ಖಾತೆ ಮತ್ತು ತೆರಿಗೆ

ವಾರಂಟಿಯ ಅವಧಿಯಲ್ಲಿ ತಯಾರಕರು ಉಚಿತವಾಗಿ ಬದಲಿ ಕೊಟ್ಟಾಗ ಮತ್ತೆ ಜಿ.ಎಸ್.ಟಿ. ತೆರಬೇಕಾಗಿಲ್ಲ, ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗಿಲ್ಲ ಎಂದು 2023ರ ಜುಲೈ 17ರ 195ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಬಿಡಿಭಾಗಗಳಿಗೆ ಸಂಬಂಧಿಸಿದ ಈ ವಿವರಣೆಯನ್ನು 2024ರ ಜೂನ್ 26ರ 216ನೆಯ ಸುತ್ತೋಲೆಯು ಇಡೀ ಸರಕಿನ ಬದಲಿಗೂ ಅನ್ವಯಿಸಿತು. ಆದರೆ ವಿತರಕನು ತನ್ನ ದಾಸ್ತಾನಿನಿಂದ ಬದಲಿ ಕೊಟ್ಟು ಅದರ ಬೆಲೆಗೆ ತಯಾರಕರ ಹೆಸರಿನಲ್ಲಿ ಬಿಲ್ ಮಾಡಿದರೆ ಆ ಬಿಲ್ಲಿಗೆ ತೆರಿಗೆ ಉಂಟು. ತಯಾರಕರು ಒಪ್ಪದ ಸರಕನ್ನು ದಾಸ್ತಾನಿನಿಂದ ಬರೆದುಹಾಕಿದರೆ ಅದರ ಮೇಲಿನ ತೆರಿಗೆ ಜಮೆ ದೊರೆಯದು. ಆದುದರಿಂದ ಪರೀಕ್ಷೆಯಿಲ್ಲದ ಉದಾರತೆಗೆ ತೆರಿಗೆಯ ನಷ್ಟವೂ ಸೇರುತ್ತದೆ.

ತಯಾರಕರಾದ ಸಣ್ಣ ಉದ್ಯಮಿಗಳಿಗೆ ಇನ್ನೊಂದು ಅಂಶ ಮುಖ್ಯ. ಹಿಂದಿನ ವರ್ಷಗಳ ಅನುಭವದ ಮೇಲೆ ವೈಜ್ಞಾನಿಕವಾಗಿ ಅಂದಾಜಿಸಿದ ವಾರಂಟಿ ಕಾಯ್ದಿರಿಸುವಿಕೆಯನ್ನು ವೆಚ್ಚವೆಂದು ಪರಿಗಣಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ತೀರ್ಪಿತ್ತಿತು. ಅನುಭವವನ್ನು ತೋರಿಸಲು ದಾಖಲೆ ಬೇಕು. ನಿಜವಾದ ದೋಷವೆಷ್ಟು, ವೈರಿಂಗ್ ದೋಷವೆಷ್ಟು, ತಪ್ಪು ಮ್ಯಾಪ್ ಎಷ್ಟು ಎಂದು ವಿಂಗಡಿಸಿದ ಮರಳಿಕೆಯ ವಹಿಯೇ ಆ ದಾಖಲೆ.

ಕಾನೂನಿನ ಎಚ್ಚರ

ವಾಹನದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಿಂದ ಬದಲಾದ 182ಎ ಪ್ರಕರಣವು ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಮಾರ್ಪಾಡೊಂದಕ್ಕೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹೊಗೆಯ ಮಿತಿ ಮೀರದಂತೆಯೂ ನೋಡಿಕೊಳ್ಳಬೇಕು. ರೇಸ್ ಟ್ರ್ಯಾಕಿಗೆಂದೇ ತಯಾರಾದ ಮಾಡ್ಯೂಲಾಗಿದ್ದರೆ ಅದನ್ನು ಬಿಲ್ಲಿನಲ್ಲಿ ಬರೆಯತಕ್ಕದ್ದು. ಅಲ್ಲದೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ತಯಾರಕರು ಕೊಡದ ಭರವಸೆಯನ್ನು ವರ್ತಕನು ತಾನಾಗಿ ಕೊಟ್ಟು, ಸರಕು ಅದಕ್ಕೆ ತಕ್ಕಂತಿರದೆ ಹಾನಿಯಾದರೆ, ಹೊಣೆ ಅವನ ಮೇಲೆಯೇ ಬರಬಹುದು.

ಅನುಸರಿಸಬೇಕಾದ ಪದ್ಧತಿ

ಮೇಲಿನ ಎಂಟು ಅಂಶಗಳನ್ನು ಒಂದೇ ಪುಟದಲ್ಲಿ ಮುದ್ರಿಸಿ, ಮಾಡ್ಯೂಲಿನ ಕ್ರಮಸಂಖ್ಯೆ, ವಾಹನದ ಮಾದರಿ, ಅಳೆದ ವೋಲ್ಟೇಜ್, ಮೆಕ್ಯಾನಿಕ್ ಹಾಗೂ ಗ್ರಾಹಕರ ಸಹಿಗೆ ಜಾಗ ಬಿಡಬೇಕು. ಈ ಹಾಳೆಯಿಲ್ಲದೆ ಯಾವ ಮಾಡ್ಯೂಲನ್ನೂ ಮರಳಿ ಪಡೆಯುವುದಿಲ್ಲವೆಂಬ ನಿಯಮವನ್ನು ಮಾರಾಟದ ದಿನವೇ ವಿನಯದಿಂದ ತಿಳಿಸಿದರೆ ಮುಂದೆ ಮನಸ್ತಾಪಕ್ಕೆ ಎಡೆಯಿರದು. ನಿಜವಾಗಿ ದೋಷವಿದ್ದಾಗ ಅದೇ ಹಾಳೆ ತಯಾರಕರ ಮುಂದೆ ವರ್ತಕನ ಪರ ಸಾಕ್ಷಿಯಾಗುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕ ಪರಿಶೋಧಕರು ಕೇಳುವುದೂ ಅದನ್ನೇ.